ಹತ್ತು ಕಿಲೋ ಕೊಕ್ಕೋ ಬೆಳೆಯುವವನಿಗೆ ಸಂಘ ಯಾಕೆ ಬೇಕು?

ಅರ್ಧ ಎಕರೆ · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸುಳ್ಯದ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ತೋಟ. ಅಪ್ಪ ತೀರಿಕೊಂಡ ಮೇಲೆ ಬೆಂಗಳೂರು ಬಿಟ್ಟು ಬಂದು ಎರಡು ವರ್ಷವಾಯಿತು. ಅಡಿಕೆ ಮಧ್ಯೆ 60 ಕೊಕ್ಕೋ ಗಿಡ ಉಂಟು, ಚಾಕೊಲೇಟ್ ಮಾಡುವ ಬೀಜದ್ದು. ಮಂಗ, ಅಳಿಲು ತಿಂದು ಬಿಟ್ಟದ್ದು ನನಗೆ. ಹಣ್ಣು ಜಾಸ್ತಿ ಇರುವಾಗ ಒಂದು ಕೊಯ್ಲಿಗೆ 15 ಕಿಲೋ ಹಸಿ ಬೀಜ ಸಿಗುತ್ತದೆ. ಉಳಿದ ಸಮಯದಲ್ಲಿ ನಾಲ್ಕೈದು ಕಿಲೋ.

ಇಲ್ಲಿಯವರೆಗೆ ಮನೆ ಗೇಟಿಗೆ ಬರುವ ಪಿಕಪ್‌ನವರಿಗೇ ಕೊಡುತ್ತಿದ್ದೆ. ತೂಕ ಹಾಕುತ್ತಾರೆ, ನಗದು ಕೊಡುತ್ತಾರೆ, ಹೋಗುತ್ತಾರೆ. ನೆರೆಮನೆಯ ಮಾವ ಮಾತ್ರ ಸಿಕ್ಕಾಗಲೆಲ್ಲ "ಬೆಳೆಗಾರರ ಸಹಕಾರಿ ಸಂಘಕ್ಕೆ ಮೆಂಬರ್ ಆಗು ಮಾರಾಯ" ಎನ್ನುತ್ತಾರೆ. ಯಾಕೆ ಎಂದು ಕೇಳಿದರೆ "ಆಗಿ ನೋಡು, ಗೊತ್ತಾಗ್ತದೆ" ಅಷ್ಟೇ ಉತ್ತರ.

ಸಂಘದ ಖರೀದಿ ಕೇಂದ್ರ ನಮ್ಮಿಂದ 9 ಕಿಲೋಮೀಟರ್. ದುಡ್ಡು ಖಾತೆಗೆ ಬರುವುದು ಎರಡು ಮೂರು ದಿನ ಬಿಟ್ಟು. ರೇಟು ಕೆಲವು ವಾರ ಪಿಕಪ್‌ನವರಿಗಿಂತ ಕಡಿಮೆಯೇ. ಸ್ಕೂಟರಿಗೆ ಪೆಟ್ರೋಲ್ ಬೇರೆ. ಹಾಗಿದ್ದೂ ನನ್ನಂಥ ಸಣ್ಣವರು ಯಾಕೆ ಸಂಘಕ್ಕೆ ಸೇರುತ್ತಾರೆ? ಸುಮ್ನೆ ಭಾಷಣ ಬೇಡ. ಬೀಜದ ಲೋಳೆ ಕೈಗೆ ಅಂಟಿಸಿಕೊಂಡವರು ಹೇಳಿ.

ಗಡಿಯಾಚೆ · ಶನಿವಾರ ರಾತ್ರಿ

ನಮ್ಮದು ಕಾಸರಗೋಡು ಕಡೆ. ನಿಮ್ಮ ಪಿಕಪ್ ಈಗಲೂ ಬರ್ತದಾ? ನಮ್ಮದು ನಿಂತಿತು.

2024ರಲ್ಲಿ ನೋಡಬೇಕಿತ್ತು. ಒಂದೇ ದಿನ ಇಬ್ಬರು ಬಂದು ಗೇಟಿನಲ್ಲಿ ಜಗಳ. ಮೊದಲು ಕಿಲೋಗೆ 60 ರೂಪಾಯಿ ಆಸುಪಾಸು ಇದ್ದ ಹಸಿ ಬೀಜ 200 ದಾಟಿ ಹೋಯಿತಲ್ಲ, ಆಗ. ಒಬ್ಬರಂತೂ ನಮ್ಮ ಅಮ್ಮನಿಗೆ ದೀಪಾವಳಿಗೆ ಸಿಹಿ ಡಬ್ಬ ಕೊಟ್ಟು ಹೋದರು. ಮರುವರ್ಷ ರೇಟು ಇಳಿಯುತ್ತಾ ಬಂತು. ಒಂದು ವಾರ ಗಾಡಿ ಬರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಅಂಗಳದಲ್ಲಿ ಎರಡು ಬಕೆಟ್ ಬೀಜ. ಮೂರನೇ ದಿನ ಹುಳಿ ವಾಸನೆ ಮನೆ ಒಳಗೆ ಬಂತು, ನೊಣ ಬೇರೆ. ಕೊನೆಗೆ ಬಸ್ಸಿನಲ್ಲಿ ಹಾಕಿಕೊಂಡು ಖರೀದಿ ಕೇಂದ್ರಕ್ಕೆ ಹೋದೆ. ಕಂಡಕ್ಟರ್ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.

ಅಲ್ಲಿ ತಗೊಂಡರು. ರೇಟು ಕಡಿಮೆ ಇತ್ತು, ಆದರೆ ತಗೊಂಡರು. ನಾನು ಸೇರಿದ್ದು ಆ ವಾರ.

ಹಳೇ ಅಡಿಕೆಮರ · ಭಾನುವಾರ ಬೆಳಿಗ್ಗೆ

ತಮ್ಮಾ, ನಿನ್ನ ಪ್ರಶ್ನೆಗೆ ನಮ್ಮ ತಲೆಮಾರಿನವರ ಹತ್ತಿರ ಒಂದು ಕತೆ ಉಂಟು. ಸ್ವಲ್ಪ ಉದ್ದ. ಪುರುಸೊತ್ತು ಇದ್ದರೆ ಓದು.

1970ರ ದಶಕದಲ್ಲಿ ನಮ್ಮ ಕಡೆಗೂ ಕೇರಳಕ್ಕೂ ಕೊಕ್ಕೋ ಬಂತು. ಅಡಿಕೆ ನೆರಳಲ್ಲಿ ಬೆಳೆಯುತ್ತದೆ, ಬೇರೆ ಜಾಗ ಬೇಡ, ಬಿದ್ದ ಎಲೆ ತೋಟಕ್ಕೇ ಗೊಬ್ಬರ ಎಂದರು. ಎಲ್ಲವೂ ನಿಜವೇ. ಜಗತ್ತಿನ ಮಾರುಕಟ್ಟೆಯಲ್ಲಿ 1977ರಲ್ಲಿ ರೇಟು ಆಕಾಶಕ್ಕೆ ಹೋಗಿತ್ತು. ನಾವೂ ನೆಟ್ಟೆವು. ಗಿಡ ಫಸಲು ಕೊಡುವ ಹೊತ್ತಿಗೆ, 1979–80ರಲ್ಲಿ, ರೇಟು ಬಿತ್ತು. ಆಗ ನಮ್ಮಿಂದ ಕೊಳ್ಳುತ್ತಿದ್ದ ಖಾಸಗಿಯವರು ಕೈ ಎಳೆದುಕೊಂಡರು. ಇಲ್ಲಿ ಇಡ್ಲಿ ದೋಸೆ ತಿನ್ನುವ ಜನ ಕೊಕ್ಕೋ ಬೀಜ ಇಟ್ಟುಕೊಂಡು ಏನು ಮಾಡುವುದು? ಅಡಿಕೆಯಾದರೆ ಒಣಗಿಸಿ ಅಟ್ಟದಲ್ಲಿ ಇಡಬಹುದು, ರೇಟು ಬಂದಾಗ ಕೊಡಬಹುದು. ಇದನ್ನು ಇಡಲಿಕ್ಕೆ ಆಗುವುದಿಲ್ಲ. ನನ್ನ ತಂದೆ ಹಣ್ಣನ್ನು ಗೊಬ್ಬರದ ಗುಂಡಿಗೆ ಹಾಕಿದ್ದನ್ನು ನಾನೇ ನೋಡಿದ್ದೇನೆ. ಗಿಡವನ್ನೇ ಕಡಿದವರು ಎಷ್ಟೋ ಮಂದಿ.

ಕ್ಯಾಂಪ್ಕೋ, ಅಂದರೆ ನಮ್ಮ ಅಡಿಕೆ ಬೆಳೆಗಾರರ ಸಹಕಾರಿ ಸಂಘ, ಆಗ ಏಳು ವರ್ಷದ ಕೂಸು. 1973ರಲ್ಲಿ ಮಂಗಳೂರಿನಲ್ಲಿ ಶುರುವಾದದ್ದು, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ, ಕರ್ನಾಟಕ ಕೇರಳ ಎರಡೂ ಸೇರಿ. ಅದು ಹುಟ್ಟಿದ್ದೂ ಅಡಿಕೆ ರೇಟು ಬಿದ್ದ ಹೊಡೆತದಿಂದಲೇ. ಕೊಕ್ಕೋ ಅವರ ಕೆಲಸ ಆಗಿರಲಿಲ್ಲ. ಆದರೂ 1980ರ ಹೊತ್ತಿಗೆ ಖರೀದಿಗೆ ಇಳಿದರು. ಹುದುಗು ಹಾಕುವುದು, ಒಣಗಿಸುವುದು ಎಲ್ಲ ಕಲಿತರು. ಬೀಜ ಹೊರದೇಶಕ್ಕೆ ಕಳಿಸಿದರು. ಆಮೇಲೆ ಬರೀ ಬೀಜ ಮಾರಿದರೆ ಸಾಲದು ಎಂದು ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿದರು. 1986ರ ಸೆಪ್ಟೆಂಬರ್ 1ಕ್ಕೆ ರಾಷ್ಟ್ರಪತಿ ಜೈಲ್ ಸಿಂಗ್ ಬಂದು ಉದ್ಘಾಟನೆ ಮಾಡಿದರು. ಪುತ್ತೂರಿಗೆ ರಾಷ್ಟ್ರಪತಿ! ಊರಿಗೆ ಊರೇ ರಸ್ತೆಯಲ್ಲಿ.

ರೈತರೇ ಯಜಮಾನರಾಗಿರುವ ಚಾಕೊಲೇಟ್ ಕಾರ್ಖಾನೆ ಜಗತ್ತಿನಲ್ಲಿ ಎಷ್ಟು ಉಂಟು ಹುಡುಕಿ ನೋಡು. ನಾವು ಪಕ್ಕದಲ್ಲೇ ಇದ್ದೇವೆ ಅಂತ ನಮಗೆ ಅದರ ಬೆಲೆ ಗೊತ್ತಾಗುವುದಿಲ್ಲ ಅಷ್ಟೇ.

ಮಲೆನಾಡ ಮಳೆ · ಭಾನುವಾರ ಬೆಳಿಗ್ಗೆ

ಹಿರಿಯರ ಮಾತಿಗೆ ಗೌರವ ಉಂಟು. ಆದರೆ ನಾನು ಇನ್ನೊಂದು ಮುಖ ಹೇಳುತ್ತೇನೆ, ಬೇಸರ ಮಾಡಬೇಡಿ.

ನಾನು ಕೊಪ್ಪದ ಕಡೆಯವನು. ಬೇರೆ ಬೆಳೆಯ ಒಂದು ಸಣ್ಣ ಸಂಘದಲ್ಲಿ ಹತ್ತು ವರ್ಷ ಸದಸ್ಯನಾಗಿದ್ದೆ. ಹೆಸರು ಬೇಡ. ಮಹಾಸಭೆಯಲ್ಲಿ ಊಟ ಚೆನ್ನಾಗಿರುತ್ತಿತ್ತು. ಲೆಕ್ಕ ಕೇಳಿದರೆ "ಮುಂದಿನ ಸಭೆಯಲ್ಲಿ" ಎನ್ನುತ್ತಿದ್ದರು. ಚುನಾವಣೆ ಬಂದರೆ ಪಂಚಾಯಿತಿ ಚುನಾವಣೆಗಿಂತ ಜೋರು. ದುಡ್ಡು ತಡ. ಒಂದು ಸಲ ಗೊಬ್ಬರಕ್ಕೆ ಹೋದರೆ ಅದು ನಿರ್ದೇಶಕರ ನೆಂಟರ ಮನೆಗೆ ಹೋಗಿ ಮುಗಿದಿತ್ತು. 1980ರ ಕತೆ ಕೇಳಿ ಈಗ ಸಂಘದ ಷೇರು ತಗೊಳ್ಳುವುದು ಅಂದರೆ, ಅಜ್ಜ ಸಾಹುಕಾರ ಅಂತ ಮೊಮ್ಮಗನಿಗೆ ಹೆಣ್ಣು ಕೊಟ್ಟ ಹಾಗೆ.

ಸಂಘ ಬೇಡ ಅನ್ನುತ್ತಿಲ್ಲ. ಕಣ್ಣು ಮುಚ್ಚಿ ಸೇರಬೇಡಿ ಅಂದೆ.

ಹಳೇ ಅಡಿಕೆಮರ · ಭಾನುವಾರ ಬೆಳಿಗ್ಗೆ

ಮೊಮ್ಮಗನ ಮಾತು ಚೆನ್ನಾಗಿದೆ. ಆದರೆ ನೀವು ಆ ಹತ್ತು ವರ್ಷದಲ್ಲಿ ಎಷ್ಟು ಮಹಾಸಭೆಗೆ ಊಟಕ್ಕಿಂತ ಮುಂಚೆ ಹೋಗಿದ್ದೀರಿ?

ಮಲೆನಾಡ ಮಳೆ · ಭಾನುವಾರ ಬೆಳಿಗ್ಗೆ

ಎರಡು. 😀

ಹುಳಿ ಪೆಟ್ಟಿಗೆ · ಭಾನುವಾರ ಮಧ್ಯಾಹ್ನ

ಎಲ್ಲರೂ ರೇಟು, ರಾಜಕೀಯ ಎನ್ನುತ್ತಿದ್ದೀರಿ. ಬೀಜದ ಬಗ್ಗೆ ಯಾರೂ ಮಾತಾಡಲಿಲ್ಲ. ಪ್ರಶ್ನೆ ಕೇಳಿದವರು "ನನ್ನದು ಬರೀ 15 ಕಿಲೋ" ಎಂದದ್ದರಲ್ಲೇ ಉತ್ತರ ಉಂಟು. ನಾನು ನಾಲ್ಕು ವರ್ಷದಿಂದ ಮನೆಯಲ್ಲಿ ಬೀಜ ಹುದುಗಿಸಿ, ಒಣಗಿಸಿ ಕೊಡುತ್ತಿದ್ದೇನೆ. ಮೊದಲ ವರ್ಷ ಪೂರ್ತಿ ಹಾಳು ಮಾಡಿದೆ.

ಕೊಕ್ಕೋ ಹಣ್ಣು ಒಡೆದಾಗ ಬಿಳಿ ಲೋಳೆ ಇರುತ್ತದಲ್ಲ, ಅದರಲ್ಲಿ ಸಕ್ಕರೆ ಉಂಟು. ಬೀಜವನ್ನು ರಾಶಿ ಹಾಕಿ ಬಾಳೆಎಲೆ ಮುಚ್ಚಿಟ್ಟರೆ ಆ ಸಕ್ಕರೆ ಹುಳಿಯುತ್ತದೆ. ಮೊದಲು ಹೆಂಡದ ವಾಸನೆ, ಆಮೇಲೆ ವಿನೆಗರ್ ವಾಸನೆ. ಜೊತೆಗೆ ಕಾವು ಏರುತ್ತದೆ, 45ರಿಂದ 50 ಡಿಗ್ರಿಯವರೆಗೆ. ಕೈ ಹಾಕಿದರೆ ಚುರುಕ್ ಅನ್ನಬೇಕು. ಆ ಕಾವಿಗೂ ಹುಳಿಗೂ ಬೀಜದೊಳಗಿನ ಮೊಳಕೆ ಸಾಯುತ್ತದೆ. ಒಳಗೆ ನೇರಳೆ ಬಣ್ಣ ಇದ್ದದ್ದು ಕಂದಾಗುತ್ತದೆ. ಚಾಕೊಲೇಟಿನ ವಾಸನೆಗೆ ಬೀಜ ತಯಾರಾಗುವುದೇ ಆಗ. ನಡುವೆ ಎರಡು ಸಲ ಮಗುಚಬೇಕು. ಐದಾರು ದಿನದ ಕೆಲಸ.

ಈಗ ಅಸಲು ವಿಷಯ. ಐದು ಕಿಲೋ ಬೀಜಕ್ಕೆ ಕಾವು ಬರುವುದಿಲ್ಲ! ರಾಶಿ ಸಣ್ಣದಾದರೆ ಬಿಸಿ ಹೊರಗೆ ಹೋಗಿಬಿಡುತ್ತದೆ. ಬೂಸ್ಟು ಹಿಡಿಯುತ್ತದೆ. ಬಾಳೆಎಲೆ ಹಾಸಿದ ಸಣ್ಣ ಬುಟ್ಟಿಯಲ್ಲಿ ಗೋಣಿ ಸುತ್ತಿ ಹೇಗೋ ಮಾಡಬಹುದು. ನಾನೂ ಈಗ ಮಾಡುತ್ತೇನೆ. ಆದರೆ ದಿನಾ ಕಣ್ಣಿಡಬೇಕು, ಪ್ರತಿ ಸಲ ಒಂದೇ ಗುಣ ಬರುವುದಿಲ್ಲ. ಐವತ್ತು ನೂರು ಕಿಲೋ ಒಟ್ಟಿಗೆ ಹುದುಗಿಸುವ ಪೆಟ್ಟಿಗೆಗೆ ಬಿದ್ದರೆ ಅದು ತಾನಾಗಿ ಬಿಸಿಯಾಗುತ್ತದೆ. ಅಂದರೆ ನಮಗಿಂತ ಮೊದಲು ಬೀಜಕ್ಕೇ ಸಂಘ ಬೇಕು.

ಇನ್ನೊಂದು ಉಂಟು. ನಮ್ಮ ಕಡೆ ಹಣ್ಣು ಜಾಸ್ತಿ ಬರುವುದು ಏಪ್ರಿಲ್‌ನಿಂದ ಜೂನ್. ಇನ್ನೊಂದು ಫಸಲು ಸೆಪ್ಟೆಂಬರ್‌ನಿಂದ ಜನವರಿ. ಜೂನಿನಲ್ಲಿ ದಕ್ಷಿಣ ಕನ್ನಡದಲ್ಲಿ ಬಿಸಿಲು ಎಲ್ಲಿಂದ ತರುವುದು? ಅಡಿಕೆ ಒಣಗಿಸುವ ಅಂಗಳದಲ್ಲೇ ಆಗ ಪಾಚಿ. ಒಣಗಿದ ಬೀಜದಲ್ಲಿ ನೀರು 7 ಶೇಕಡಾಕ್ಕೆ ಇಳಿಯಬೇಕು, ಇಲ್ಲದಿದ್ದರೆ ಗೋಣಿಯಲ್ಲೇ ಬೂಸ್ಟು. ಅದಕ್ಕೆ ಡ್ರೈಯರ್ ಬೇಕು. 60 ಗಿಡದವರು ಡ್ರೈಯರ್ ಹಾಕಿದರೆ ಮೊಮ್ಮಕ್ಕಳ ಕಾಲಕ್ಕೂ ಅಸಲು ಹುಟ್ಟುವುದಿಲ್ಲ.

ಮೂರು ಕಿಲೋ ಹಸಿ ಬೀಜ ಒಣಗಿದರೆ ಸುಮಾರು ಒಂದು ಕಿಲೋ. ಒಣ ಬೀಜದ ರೇಟು ಕೇಳಿ ಆಸೆಪಡುವವರು ಈ ಲೆಕ್ಕ ಮರೆಯುತ್ತಾರೆ.

ಚಾಕೊಲೇಟ್ ಹುಚ್ಚ · ಭಾನುವಾರ ಮಧ್ಯಾಹ್ನ

ಬೆಂಗಳೂರಿನಿಂದ ಒಂದು ದಡ್ಡ ಪ್ರಶ್ನೆ. ನೀವೇ ಮನೆಯಲ್ಲಿ ಚಾಕೊಲೇಟ್ ಮಾಡಿ ಮಾರಬಹುದಲ್ವಾ? ಇಲ್ಲಿ ಒಂದೊಂದು ಬಾರ್‌ಗೆ 300 ರೂಪಾಯಿ ಕೊಟ್ಟು ತಿನ್ನುತ್ತೇವೆ.

ಹುಳಿ ಪೆಟ್ಟಿಗೆ · ಭಾನುವಾರ ಮಧ್ಯಾಹ್ನ

ಮಾಡುವವರು ಇದ್ದಾರೆ. ಇಡ್ಲಿ ಹಿಟ್ಟಿನ ಗ್ರೈಂಡರನ್ನೇ ಸ್ವಲ್ಪ ಬದಲಿಸಿ ಒಂದೆರಡು ದಿನ ತಿರುಗಿಸುತ್ತಾರೆ. ಆದರೆ ಅದು ಬೇರೆಯೇ ಕಸುಬು. ಪ್ಯಾಕಿಂಗ್, ಲೈಸೆನ್ಸ್, ಫ್ರಿಜ್, ಇನ್‌ಸ್ಟಾಗ್ರಾಮ್. ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲಿಕ್ಕೇ ಜನ ಸಿಗುವುದಿಲ್ಲ ಸ್ವಾಮಿ.

ತೋಟದ ಮನೆ · ಭಾನುವಾರ ಸಂಜೆ

ಹೆಂಗಸರು ಯಾರೂ ಬರೆದಿಲ್ಲ ಅಂತ ಬರೆಯುತ್ತಿದ್ದೇನೆ. ನಮ್ಮಲ್ಲಿ ಹಣ್ಣು ಒಡೆಯುವುದು ನಾನು ಮತ್ತು ಅತ್ತೆ. ಕತ್ತಿಯಲ್ಲಿ ಒಡೆದರೆ ಬೀಜಕ್ಕೆ ಗಾಯವಾಗುತ್ತದೆ. ಹಾಗಾಗಿ ಮರದ ತುಂಡಿನಲ್ಲಿ ಹೊಡೆದು ಒಡೆಯುತ್ತೇವೆ. ನಡುವಿನ ದಿಂಡು ತೆಗೆದು ಬೀಜ ಮಾತ್ರ ಬಕೆಟಿಗೆ. ಹತ್ತು ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ.

ಗೇಟಿಗೆ ಬರುವ ವ್ಯಾಪಾರಿಗೆ ಕೊಡುತ್ತಿದ್ದಾಗ ದುಡ್ಡು ನಮ್ಮ ಯಜಮಾನರ ಜೇಬಿಗೆ. ಜೇಬಿನಿಂದ ಎಲ್ಲಿಗೆ ಅಂತ ಕೇಳಬೇಡಿ. ಕೆಟ್ಟವರಲ್ಲ ಪಾಪ, ಆದರೆ ನಗದು ಅಂದರೆ ನೀರು. ಸಂಘದ ಕೇಂದ್ರಕ್ಕೆ ಕೊಡಲು ಶುರು ಮಾಡಿದ ಮೇಲೆ ದುಡ್ಡು ಬ್ಯಾಂಕಿಗೆ ಬರುತ್ತದೆ. ಚೀಟಿಯಲ್ಲಿ ತೂಕ, ರೇಟು, ತಾರೀಕು ಎಲ್ಲ ಇರುತ್ತದೆ.

ನಾನು ಸದಸ್ಯೆ ಆಗಬೇಕು ಅಂತ ಕೇಳಿದೆ. ಪಹಣಿ ನಿಮ್ಮ ಹೆಸರಲ್ಲಿ ಉಂಟಾ ಎಂದರು. ಇಲ್ಲ. ಯಜಮಾನರ ಹೆಸರಲ್ಲೂ ಇಲ್ಲ. ಇದ್ದದ್ದು ಅತ್ತೆ ಹೆಸರಲ್ಲಿ! ಹಾಗಾಗಿ 71 ವರ್ಷದ ಅತ್ತೆಯನ್ನೇ ಸದಸ್ಯೆ ಮಾಡಿದೆವು. ಈಗ ಕೊಕ್ಕೋ ದುಡ್ಡು ಅತ್ತೆ ಖಾತೆಗೆ. ಮೊಬೈಲಿಗೆ ಮೆಸೇಜ್ ಬಂದರೆ ಓದಿ ಹೇಳು ಎನ್ನುತ್ತಾರೆ. ಮಗನಿಗೆ ಹೇಳಬೇಡ ಅಂತಲೂ ಎನ್ನುತ್ತಾರೆ.

ಅರ್ಧ ಎಕರೆಯವರೇ, ಸಂಘ ಅಂದರೆ ನಿಮಗೆ ಒಂದೆರಡು ರೂಪಾಯಿ ಕಡಿಮೆ ರೇಟು. ನಮ್ಮ ಮನೆಯಲ್ಲಿ ಅತ್ತೆಗೆ 71ನೇ ವಯಸ್ಸಿನಲ್ಲಿ ಮೊದಲ ಸಂಬಳ.

ಅರ್ಧ ಎಕರೆ · ಭಾನುವಾರ ರಾತ್ರಿ

ಅಕ್ಕ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಹುಳಿ ಪೆಟ್ಟಿಗೆಯವರ ಕಾವಿನ ವಿಷಯವೂ ಗೊತ್ತಿರಲಿಲ್ಲ. ನಾನು ಬಕೆಟ್ ಕೊಡುತ್ತಿದ್ದೆ, ಆಮೇಲೆ ಏನಾಗುತ್ತದೆ ಅಂತ ಒಂದು ದಿನವೂ ಕೇಳಿಲ್ಲ.

ಆದರೆ ಒಂದು ಅನುಮಾನ. ಹುದುಗಿಸುವುದು, ಒಣಗಿಸುವುದನ್ನು ಖಾಸಗಿಯವರೂ ಮಾಡುತ್ತಾರಲ್ವಾ? ಅದಕ್ಕೆ ನಾನೇಕೆ ಸದಸ್ಯನಾಗಬೇಕು?

ಟೆಮಾ ಬಂದರು · ಸೋಮವಾರ ಬೆಳಿಗ್ಗೆ

ಘಾನಾದಿಂದ ಬರೆಯುತ್ತಿದ್ದೇನೆ. ಊರು ಬಂಟ್ವಾಳ. ಟೆಮಾ ಬಂದರಿನಲ್ಲಿ ಗೋದಾಮಿನ ಕೆಲಸ. ಇಲ್ಲಿ ಕೊಕ್ಕೋ ಅಂದರೆ ನಮ್ಮ ಅಡಿಕೆ ಇದ್ದ ಹಾಗೆ, ಮಾತಿಗೆ ಮುಂಚೆ ಅದೇ ವಿಷಯ. ಘಾನಾ, ಪಕ್ಕದ ಐವರಿ ಕೋಸ್ಟ್ ಎರಡೇ ಸೇರಿ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೋ ಬೆಳೆಯುತ್ತವೆ. ಬೆಳೆಯುವವರು ಹೆಚ್ಚಿನವರು ನಮ್ಮ ಹಾಗೆ ಸಣ್ಣವರೇ, ಐದಾರು ಎಕರೆಯವರು.

ನಿಮ್ಮ ಪ್ರಶ್ನೆಗೆ ಇಲ್ಲಿಯ ಒಂದು ವಿಷಯ ಸರಿಯಾಗಿ ಹೊಂದುತ್ತದೆ. ಇಲ್ಲಿ ರೈತನಿಗೆ ಎಷ್ಟು ಕೊಡಬೇಕು ಅಂತ ಸರ್ಕಾರದ ಕೊಕ್ಕೋ ಬೋರ್ಡೇ ನಿಗದಿ ಮಾಡುತ್ತದೆ. ಸಂಘಕ್ಕೆ ಕೊಟ್ಟರೂ ಅದೇ ರೇಟು, ಖಾಸಗಿಗೆ ಕೊಟ್ಟರೂ ಅದೇ. ಹಾಗಾದರೆ ಯಾರೂ ಸಂಘಕ್ಕೆ ಸೇರಬಾರದಿತ್ತು, ಅಲ್ವಾ? ಆದರೆ ಸಾವಿರಾರು ಜನ ಸೇರಿದ್ದಾರೆ. ಕಾರಣ ತಕ್ಕಡಿ.

1990ರ ದಶಕದ ಆರಂಭದವರೆಗೆ ಇಲ್ಲಿ ಬೋರ್ಡಿನವರು ಮಾತ್ರ ಕೊಳ್ಳುತ್ತಿದ್ದರು. ಆಮೇಲೆ ಖಾಸಗಿಯವರಿಗೂ ಲೈಸೆನ್ಸ್ ಕೊಟ್ಟರು. ಹಳ್ಳಿಗಳಲ್ಲಿ ತೂಕ ಹಾಕುವ ಗುಮಾಸ್ತರು ತಕ್ಕಡಿಯಲ್ಲಿ ಕೈಚಳಕ ತೋರಿಸುತ್ತಾರೆ ಎನ್ನುವುದು ಇಲ್ಲಿಯ ರೈತರ ಹಳೆಯ ದೂರು. ಗೋಣಿಗೆ ಒಂದೆರಡು ಕಿಲೋ ಹೋದರೂ ವರ್ಷಕ್ಕೆ ಎಷ್ಟಾಯಿತು ನೋಡಿ. ಆಗ, 1993ರಲ್ಲಿ, ಒಂದಷ್ಟು ಹಳ್ಳಿಯ ರೈತರು ಸೇರಿ ಕುವಾಪಾ ಕೊಕೂ ಅಂತ ತಮ್ಮದೇ ಸಂಘ ಕಟ್ಟಿದರು. ಇಲ್ಲಿಯ ಟ್ವಿ ಭಾಷೆಯಲ್ಲಿ "ಒಳ್ಳೆಯ ಕೊಕ್ಕೋ ರೈತ" ಅಂತ ಅರ್ಥ. ತೂಕ ಹಾಕುವವನನ್ನು ಹೊರಗಿನಿಂದ ಕಳಿಸುವುದಿಲ್ಲ. ಹಳ್ಳಿಯವರೇ ತಮ್ಮಲ್ಲೊಬ್ಬರನ್ನು ಆರಿಸುತ್ತಾರೆ. ಮೋಸ ಮಾಡಿದರೆ ಸಂಜೆ ಅದೇ ಊರಿನ ಬಾವಿಕಟ್ಟೆಯಲ್ಲಿ ಮುಖ ತೋರಿಸಬೇಕಲ್ಲ!

1998ರಲ್ಲಿ ಇವರು ಇಂಗ್ಲೆಂಡಿನಲ್ಲಿ ಡಿವೈನ್ ಅಂತ ಚಾಕೊಲೇಟ್ ಕಂಪನಿಯಲ್ಲೂ ಪಾಲುದಾರರಾದರು. ನಮ್ಮ ಪುತ್ತೂರಿನವರು ಅದಕ್ಕಿಂತ 12 ವರ್ಷ ಮುಂಚೆ ಸ್ವಂತ ಕಾರ್ಖಾನೆಯನ್ನೇ ಶುರು ಮಾಡಿದ್ದರು ಅಂತ ಇಲ್ಲಿಯ ಗೆಳೆಯರಿಗೆ ಹೇಳಿದರೆ ನಂಬುವುದಿಲ್ಲ. ಫೇರ್‌ಟ್ರೇಡ್ (ರೈತನಿಗೆ ನ್ಯಾಯದ ಬೆಲೆ ಕೊಡುವ ವ್ಯಾಪಾರ) ಲೆಕ್ಕದಲ್ಲಿ ಬರುವ ಹೆಚ್ಚಿನ ದುಡ್ಡಿನಲ್ಲಿ ಹಳ್ಳಿಗೆ ಬೋರ್‌ವೆಲ್, ಶಾಲೆ. ಬೋನಸ್ ಜೊತೆಗೆ ಸದಸ್ಯರಿಗೆ ಕತ್ತಿ ಕೊಟ್ಟದ್ದೂ ಉಂಟು.

ಎಲ್ಲ ಚೆನ್ನಾಗಿದೆ ಅನ್ನಲಾರೆ. 2024ರಲ್ಲಿ ನ್ಯೂಯಾರ್ಕಿನಲ್ಲಿ ಕೊಕ್ಕೋ ಟನ್ನಿಗೆ 12,000 ಡಾಲರ್ ದಾಟಿತು. ಇಲ್ಲಿ ರೈತನಿಗೆ ನಿಗದಿಯಾದ ರೇಟು ಅದರ ಹತ್ತಿರಕ್ಕೂ ಬರಲಿಲ್ಲ. ರಾತ್ರೋರಾತ್ರಿ ಗಡಿ ದಾಟಿಸಿ ಮಾರಿದರು. ಸಂಘದವರ ಬೀಜವೂ ಅದರಲ್ಲಿ ಇರಲಿಲ್ಲ ಅಂತ ನಾನು ಆಣೆ ಮಾಡುವುದಿಲ್ಲ.

ಲೆಕ್ಕದ ಪುಸ್ತಕ · ಸೋಮವಾರ ಮಧ್ಯಾಹ್ನ

ತಕ್ಕಡಿ ವಿಷಯ ಬಂತಲ್ಲ, ಇನ್ನು ಸುಮ್ಮನಿರಲಾರೆ. ನಾನು 26 ವರ್ಷ ಒಂದು ಸೊಸೈಟಿಯಲ್ಲಿ ಗುಮಾಸ್ತನಾಗಿದ್ದವನು. ಈಗ ನಿವೃತ್ತ. ತಕ್ಕಡಿಯ ಈಚೆ ಬದಿಯಿಂದ ನಾನು ನೋಡಿದ್ದನ್ನೂ ಹೇಳುತ್ತೇನೆ.

ಹಸಿ ಕೊಕ್ಕೋ ತೂಕ ಹಾಕುವುದು ದೊಡ್ಡ ತಲೆನೋವು. ಬೀಜದಿಂದ ರಸ ಇಳಿಯುತ್ತಲೇ ಇರುತ್ತದೆ. ಮನೆಯಲ್ಲಿ 12 ಕಿಲೋ ಇದ್ದದ್ದು ಇಲ್ಲಿಗೆ ಬರುವಾಗ 11. ರೈತ ನಮ್ಮನ್ನು ಕಳ್ಳ ಎನ್ನುತ್ತಾನೆ. ಇನ್ನು ಕೆಲವರು ಬರುವ ದಾರಿಯಲ್ಲಿ ಬಕೆಟಿಗೆ ಒಂದು ಚೊಂಬು ನೀರು ಸೇರಿಸುತ್ತಾರೆ. ದಿಂಡು ತೆಗೆಯುವುದಿಲ್ಲ. ಒಬ್ಬರಂತೂ ಅಡಿಯಲ್ಲಿ ಕೊಳೆತ ಹಣ್ಣಿನ ಕಪ್ಪು ಬೀಜ ಇಟ್ಟು ಮೇಲೆ ಬಿಳಿ ಬೀಜ ಹರಡಿ ತಂದಿದ್ದರು. ಅವರೂ ಸದಸ್ಯರೇ! ಮಹಾಸಭೆಯಲ್ಲಿ ಪಾರದರ್ಶಕತೆ ಬಗ್ಗೆ ಹೆಚ್ಚು ಮಾತಾಡುತ್ತಿದ್ದವರು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹಾಲಿನ ಡೈರಿ. ನಮ್ಮ ಊರಿನಲ್ಲಿ ಎರಡು ದನ ಇರುವ ಮನೆಯವರು ಡೈರಿ ಯಾಕೆ ಬೇಕು ಅಂತ ಕೇಳುವುದಿಲ್ಲ. ಹಾಲು ಸಂಜೆಗೆ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಹೋಟೆಲಿನವರು ಲೀಟರಿಗೆ ಎರಡು ರೂಪಾಯಿ ಜಾಸ್ತಿ ಕೊಡಬಹುದು, ಆದರೆ ಅವರು ಹೋಟೆಲು ಮುಚ್ಚಿದ ದಿನ ಹಾಲು ಎಲ್ಲಿಗೆ? ಕೊಕ್ಕೋವೂ ಹಾಗೇ. ಒಡೆದ ಮೇಲೆ ಮರುದಿನದೊಳಗೆ ಅದು ಪೆಟ್ಟಿಗೆಗೆ ಬೀಳಬೇಕು. ಕೆಡುವ ಸರಕು ಕೈಯಲ್ಲಿ ಇಟ್ಟುಕೊಂಡವನಿಗೆ ಚೌಕಾಸಿ ಮಾಡುವ ತಾಕತ್ತು ಎಲ್ಲಿಂದ ಬರಬೇಕು? ವ್ಯಾಪಾರಿ ಕಾಯಬಹುದು, ರೈತ ಕಾಯಲಾರ.

ಖಾಸಗಿಯವರೂ ಹುದುಗಿಸುತ್ತಾರಲ್ಲ ಎಂದಿರಿ. ಹೌದು, ಚೆನ್ನಾಗಿಯೇ ಮಾಡುತ್ತಾರೆ. ಆದರೆ ಲಾಭವಿಲ್ಲದ ವಾರ ಅವರು ಬರಲೇಬೇಕು ಅಂತ ಇಲ್ಲ. ಅದು ಅವರ ತಪ್ಪೂ ಅಲ್ಲ, ಅವರದ್ದು ವ್ಯಾಪಾರ. ಸಂಘ ಬಾಗಿಲು ಹಾಕಿದರೆ ಮರುದಿನ ನಿರ್ದೇಶಕರ ಮನೆಗೆ ಸದಸ್ಯರು ಬಕೆಟ್ ಸಮೇತ ಹೋಗುತ್ತಾರೆ. ಒಬ್ಬರಿಗೆ ಒಂದೇ ಮತ, 60 ಗಿಡದವನಿಗೂ 6,000 ಗಿಡದವನಿಗೂ. ಆ ಹೆದರಿಕೆ ಸಾಕು.

ಇನ್ನು ಒಂದೆರಡು ರೂಪಾಯಿ ವ್ಯತ್ಯಾಸದ ವಿಷಯ. ವ್ಯಾಪಾರಿ ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ ಗೊತ್ತಾ? ಸಂಘದ ಇವತ್ತಿನ ರೇಟು ಎಷ್ಟು ನೋಡುತ್ತಾರೆ. ಅದರ ಮೇಲೆ ಎರಡು ರೂಪಾಯಿ ಹಾಕುತ್ತಾರೆ. ಸಂಘವೇ ಇಲ್ಲದಿದ್ದರೆ ಯಾವುದರ ಮೇಲೆ ಹಾಕುತ್ತಿದ್ದರು? ಸಂಘಕ್ಕೆ ಒಂದು ಬೀಜ ಕೊಡದವನೂ ಆ ರೇಟಿನ ಲಾಭ ತಿನ್ನುತ್ತಿದ್ದಾನೆ.

ಗಡಿಯಾಚೆ · ಸೋಮವಾರ ಮಧ್ಯಾಹ್ನ

ಇದು ನೂರಕ್ಕೆ ನೂರು. ನಮ್ಮ ಭಾವ ಆಂಧ್ರದ ಏಲೂರು ಕಡೆ ಇದ್ದಾರೆ. ಅಲ್ಲಿ ತೆಂಗಿನ ತೋಟದ ಮಧ್ಯೆ ಎಕರೆಗಟ್ಟಲೆ ಕೊಕ್ಕೋ. ದೇಶದಲ್ಲಿ ಈಗ ಅವರದ್ದೇ ಜಾಸ್ತಿ. 2025ರಲ್ಲಿ ಕಂಪನಿಗಳು ರೇಟು ಇಳಿಸಿದಾಗ ರೈತರು ಬೀದಿಗೆ ಇಳಿದರು. ಕೊನೆಗೆ ಸರ್ಕಾರ ಒಣ ಬೀಜಕ್ಕೆ ಕಿಲೋಗೆ 50 ರೂಪಾಯಿ ಕೈಯಿಂದ ಸೇರಿಸಿ 500 ಮಾಡಬೇಕಾಯಿತು. ಅಲ್ಲಿ ನಮ್ಮ ಹಾಗೆ ದೊಡ್ಡ ಸಹಕಾರಿ ಇದ್ದಿದ್ದರೆ ಇಷ್ಟು ರಗಳೆ ಬೇಕಿರಲಿಲ್ಲ ಅಂತ ಭಾವ ಹೇಳಿದರು.

ಮಲೆನಾಡ ಮಳೆ · ಸೋಮವಾರ ಸಂಜೆ

ಸಹಕಾರಿ ಇದ್ದರೂ ಜಗತ್ತಿನ ರೇಟು ಇಳಿದರೆ ಇಳಿಯುವುದೇ. ನಮ್ಮಲ್ಲೂ ಇಳಿಯಿತು. ಸಂಘ ಮಾಯಮಂತ್ರ ಮಾಡುವುದಿಲ್ಲ.

ಆದರೆ ಲೆಕ್ಕದ ಪುಸ್ತಕದವರಿಗೆ ಒಂದು ಪ್ರಶ್ನೆ. 2024ರಲ್ಲಿ ವ್ಯಾಪಾರಿ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಕೊಟ್ಟಾಗ ಸದಸ್ಯರೆಲ್ಲ ಎಲ್ಲಿ ಕೊಟ್ಟರು? ಎದೆ ಮುಟ್ಟಿ ಹೇಳಿ.

ಲೆಕ್ಕದ ಪುಸ್ತಕ · ಸೋಮವಾರ ಸಂಜೆ

ವ್ಯಾಪಾರಿಗೆ.

ನನ್ನ ಮಗನೂ.

ಅಷ್ಟೇ ಅಲ್ಲ, ಒಳ್ಳೆಯ ಬೀಜ ವ್ಯಾಪಾರಿಗೆ, ಮಂಗ ಕಚ್ಚಿದ್ದು ಸಂಘಕ್ಕೆ. ಸಂಘದಲ್ಲಿ ಪೆಟ್ಟಿಗೆ ಉಂಟು, ಡ್ರೈಯರ್ ಉಂಟು, ಜನಕ್ಕೆ ಸಂಬಳ ಉಂಟು. ನೂರು ಕಿಲೋ ಬಂದರೂ ಅದೇ ಖರ್ಚು, ಸಾವಿರ ಕಿಲೋ ಬಂದರೂ ಹೆಚ್ಚುಕಡಿಮೆ ಅದೇ ಖರ್ಚು. ಒಳ್ಳೆಯ ಕಾಲದಲ್ಲಿ ಎಲ್ಲರೂ ಹೊರಗೆ ಕೊಟ್ಟರೆ ಕೆಟ್ಟ ಕಾಲದಲ್ಲಿ ತಗೊಳ್ಳಲು ಸಂಘದ ಹತ್ತಿರ ದುಡ್ಡು ಎಲ್ಲಿಂದ ಬರಬೇಕು? ಮಳೆ ಬಂದಾಗ ಮಾತ್ರ ಮಾಡಿನ ನೆನಪಾಗುತ್ತದೆ, ಹುಲ್ಲು ಹೊದೆಸುವ ಬೇಸಿಗೆಯಲ್ಲಿ ಯಾರೂ ಇರುವುದಿಲ್ಲ.

ಹುಳಿ ಪೆಟ್ಟಿಗೆ · ಸೋಮವಾರ ರಾತ್ರಿ

ನಾನೂ ಅದರಲ್ಲೊಬ್ಬ. ತಪ್ಪು ಅಂತ ಅನಿಸಿತು, ಆದರೆ ಮಗಳ ಕಾಲೇಜು ಫೀಸು ಕಟ್ಟಬೇಕಿತ್ತು. ಸಣ್ಣ ರೈತನಿಗೆ ನಿಯತ್ತು ತೋರಿಸಲಿಕ್ಕೂ ಸ್ವಲ್ಪ ದುಡ್ಡು ಬೇಕಾಗುತ್ತದೆ. ಸದಸ್ಯ ವರ್ಷಕ್ಕೆ ಎಷ್ಟು ಕೊಟ್ಟ ಅಂತ ನೋಡಿ ಬೋನಸ್ ಕೊಡುವ ಸಂಘದಲ್ಲಿ ಜನ ಸ್ವಲ್ಪ ಗಟ್ಟಿ ನಿಲ್ಲುತ್ತಾರೆ. ಬರೀ ಷೇರಿಗೆ ಡಿವಿಡೆಂಡ್ ಕೊಟ್ಟರೆ ಬೀಜ ಕೊಡದವನಿಗೂ ಅಷ್ಟೇ ಸಿಗುತ್ತದಲ್ಲ. ಸೇರುವ ಮುಂಚೆ ಇದೊಂದು ಕೇಳಿ ನೋಡಿ.

ವಿಟ್ಲದ ಸಿಪಿಸಿಆರ್‌ಐ (ತೋಟದ ಬೆಳೆಗಳ ಸರ್ಕಾರಿ ಸಂಶೋಧನಾ ಕೇಂದ್ರ) ಯವರು ಬಿಡುಗಡೆ ಮಾಡಿದ ಹೊಸ ತಳಿಯ ಗಿಡವನ್ನೂ ನಾನು ಸಂಘದ ಮೂಲಕವೇ ತರಿಸಿದ್ದು. ಒಬ್ಬನೇ ಹೋಗಿ ಹತ್ತು ಗಿಡ ಕೇಳುವುದಕ್ಕೂ ಮೂವತ್ತು ಮನೆಯ ಪಟ್ಟಿ ಕೊಡುವುದಕ್ಕೂ ವ್ಯತ್ಯಾಸ ಉಂಟು.

ತೋಟದ ಮನೆ · ಸೋಮವಾರ ರಾತ್ರಿ

ಘಾನಾದವರಿಗೆ ಒಂದು ಪ್ರಶ್ನೆ. ಅಲ್ಲಿ ಹೆಂಗಸರು ಸದಸ್ಯರಾಗಲು ಜಮೀನು ಅವರ ಹೆಸರಲ್ಲೇ ಇರಬೇಕಾ?

ಟೆಮಾ ಬಂದರು · ಮಂಗಳವಾರ ಬೆಳಿಗ್ಗೆ

ಜಮೀನಿನ ವಿಷಯ ಇಲ್ಲಿಯೂ ಕಷ್ಟವೇ ಅಕ್ಕ. ಕೊಕ್ಕೋ ತೋಟ ಗಂಡಸಿನದ್ದು, ಕೆಲಸ ಹೆಂಗಸಿನದ್ದು. ಬಾಳೆಎಲೆ ಹೊತ್ತು ತಂದು ರಾಶಿ ಮುಚ್ಚುವುದು, ಒಣಗಿಸುವ ಚಾಪೆಯ ಮೇಲೆ ದಿನವಿಡೀ ಬೀಜ ತಿರುವುವುದು ಅವರೇ. ಕುವಾಪಾ ಕೊಕೂವಿನ ಸಮಿತಿಗಳಲ್ಲಿ ಹೆಂಗಸರಿಗೆ ಜಾಗ ಇಡುತ್ತಾರೆ. ನಿಮ್ಮ ಅತ್ತೆಯ ಕತೆಯನ್ನು ಇಲ್ಲಿ ಜೊತೆಯಲ್ಲಿ ಕೆಲಸ ಮಾಡುವ ಒಬ್ಬರಿಗೆ ಹೇಳಿದೆ. ಜೋರಾಗಿ ನಕ್ಕು, "ನಮ್ಮಮ್ಮನೂ ಹಾಗೇ" ಎಂದರು.

ಅರ್ಧ ಎಕರೆ · ಗುರುವಾರ ರಾತ್ರಿ

ತಡವಾಗಿ ಬರೆಯುತ್ತಿದ್ದೇನೆ. ಇವತ್ತು 11 ಕಿಲೋ ಹಿಡಿದುಕೊಂಡು ಕೇಂದ್ರಕ್ಕೆ ಹೋಗಿ ಬಂದೆ. ಮನೆಯಲ್ಲಿ ತೂಕ ಹಾಕಿಯೇ ಹೋಗಿದ್ದೆ. ಅಲ್ಲಿ 10 ಕಿಲೋ 400 ಗ್ರಾಂ ತೋರಿಸಿತು. ಮೊದಲು ಸಿಟ್ಟು ಬಂತು. ಆಮೇಲೆ ಸ್ಕೂಟರಿನ ಕಾಲಿಡುವ ಜಾಗ ನೋಡಿದರೆ ಉಳಿದ 600 ಗ್ರಾಂ ಅಲ್ಲೇ ಹರಿದಿತ್ತು. ಗುಮಾಸ್ತರು ನನ್ನ ಮುಖ ನೋಡಿ, "ಮೊದಲ ಸಲವಾ?" ಎಂದರು. ಪಿಕಪ್‌ನವರು ಇಷ್ಟು ವರ್ಷ ಎಷ್ಟು ಕಡಿಮೆ ತೋರಿಸಿದ್ದರು ಅಂತ ನಾನು ಯಾವತ್ತೂ ನೋಡಿದವನೇ ಅಲ್ಲ.

ಒಳಗೆ ಪೆಟ್ಟಿಗೆಗಳನ್ನೂ ತೋರಿಸಿದರು. ಎಲೆ ಸರಿಸಿ ಕೈ ಇಟ್ಟೆ. ಹುಳಿ ಪೆಟ್ಟಿಗೆಯವರು ಹೇಳಿದ ಹಾಗೆ ಚುರುಕ್ ಅಂದಿತು. ನನ್ನ 10 ಕಿಲೋವನ್ನು ಇನ್ಯಾರದ್ದೋ ಬೀಜದ ಮೇಲೆ ಸುರಿದರು. ಒಂದು ಕ್ಷಣ ಎಂತದೋ ಅನಿಸಿತು, ಹೇಳಲಿಕ್ಕೆ ಗೊತ್ತಾಗುವುದಿಲ್ಲ.

ಸದಸ್ಯತ್ವದ ಅರ್ಜಿ ತಂದಿದ್ದೇನೆ. ಒಂದು ತೊಂದರೆ. ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಉಂಟು.

ಲೆಕ್ಕದ ಪುಸ್ತಕ · ಗುರುವಾರ ರಾತ್ರಿ

ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಮಾಡಲಿಕ್ಕೆ, ಅರ್ಜಿ ಹಾಕಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಎರಡೂ ಬೇಕು. ಅಮ್ಮ ಇದ್ದಾರಾ?

ಅರ್ಧ ಎಕರೆ · ಗುರುವಾರ ರಾತ್ರಿ

ಇದ್ದಾರೆ. ಪಕ್ಕದಲ್ಲೇ ಕೂತು ನಾನು ಎಂತ ಬರೆಯುತ್ತಿದ್ದೇನೆ ಅಂತ ಕೇಳುತ್ತಿದ್ದಾರೆ.

ತೋಟದ ಮನೆ · ಗುರುವಾರ ರಾತ್ರಿ

ಹಾಗಾದರೆ ಅರ್ಜಿಯಲ್ಲಿ ಯಾರ ಹೆಸರು ಬರೆಯಬೇಕು ಅಂತ ಅವರನ್ನೇ ಕೇಳಿ.